ಡಬ್ಬಿಯ ಮೇಲಿನ ಎಲೆ, ಡಬ್ಬಿಯೊಳಗೆ ಎಷ್ಟು?

ಬಿಳಿ ಅಂಗಿಗೆ ಹುಳಿ ಚೆಲ್ಲಿದರೆ ಮುಂದೇನಾಗುತ್ತದೆಂದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತು. ಮೊದಲು ಹಳದಿ ಕಲೆ. ಸೋಪು ತಿಕ್ಕಿದ ಕೂಡಲೇ ಅದು ಕೆಂಪಾಗುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಆಗ ಗಾಬರಿ ಬೀಳುತ್ತಾರೆ. ಅನುಭವಸ್ಥರು ಜಾಲಿಸಿ, ಹಿಂಡಿ, ಬಿಸಿಲಿಗೆ ಹರವಿ ಸುಮ್ಮನಾಗುತ್ತಾರೆ. ಚುರುಕು ಬಿಸಿಲಿದ್ದರೆ ಸಂಜೆಯ ಹೊತ್ತಿಗೆ ಕಲೆ ಬಹುಪಾಲು ಮಾಯ. ಸೋಪಿನ ಕ್ಷಾರಕ್ಕೆ ಕೆಂಪಾಗುವುದು, ಬಿಸಿಲಿಗೆ ಅಳಿಯುವುದು, ಎರಡೂ ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತುವಿನ ಸ್ವಭಾವ. ಅರಿಶಿನದ ಔಷಧ ಗುಣಕ್ಕೂ ಬಹುಮಟ್ಟಿಗೆ ಅದೇ ಕಾರಣ.

ಈಗ ಅಂಗಡಿಯ ಮೈಸೋಪುಗಳ ಸಾಲಿಗೆ ಬನ್ನಿ. ಅರಿಶಿನದ ಸೋಪು ಅಲ್ಲಿ ಎರಡು ಮೂರು ತರಹದ್ದಾದರೂ ಇರುತ್ತದೆ. ಮಾಮೂಲಿ ಮೈಸೋಪಿನ ಪಿಎಚ್ 9ರಿಂದ 10, ಅಂದರೆ ಕ್ಷಾರ. ಪ್ರಯೋಗಾಲಯದಲ್ಲಿ, ಮೈಯಷ್ಟೇ ಬೆಚ್ಚಗಿರುವ, ಕ್ಷಾರ ಎಂದು ಕರೆಯಲೂ ಹಿಂಜರಿಯಬೇಕಾದ 7.2 ಪಿಎಚ್‌ನ ದ್ರಾವಣದಲ್ಲಿ ಇಟ್ಟರೇ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಶೇ. 90ರಷ್ಟು ಒಡೆದುಹೋಗುತ್ತದೆ. ಅದನ್ನು ಸೋಪಿಗೆ ಬೆರೆಸಿ, ನಾವು ಅರ್ಧ ನಿಮಿಷ ಮೈಗೆ ತಿಕ್ಕಿ, ಎರಡು ಚೊಂಬು ನೀರು ಸುರಿದುಕೊಂಡರೆ ಚರ್ಮಕ್ಕೆ ದಕ್ಕುವುದು ಏನು? ಸೋಪಿನ ಕೆಲಸ ಕೊಳೆ ತೆಗೆಯುವುದು, ಅದನ್ನು ಅದು ಮಾಡುತ್ತದೆ. ಮಿಕ್ಕದ್ದು ಹೊದಿಕೆಯ ಮೇಲಿನ ಚಿತ್ರ.

ಗಿಡದಲ್ಲಿ ಗುಣ ಇದೆಯೋ ಇಲ್ಲವೋ ಎಂಬುದರ ಮೇಲೇ ನಮ್ಮ ಜಗಳವೆಲ್ಲ ನಡೆಯುತ್ತದೆ. ಒಂದು ಕಡೆ ‘ಅಜ್ಜಿ ಕಾಲದಿಂದ ಬಂದದ್ದು’ ಎನ್ನುವವರು, ಇನ್ನೊಂದು ಕಡೆ ‘ಎಲ್ಲ ಬೂಟಾಟಿಕೆ’ ಎನ್ನುವವರು. ನನ್ನ ಪ್ರಕಾರ ಅದು ಅರ್ಧ ಪ್ರಶ್ನೆ. ಎಷ್ಟು ಪ್ರಮಾಣದಲ್ಲಿದೆ, ಯಾವ ರೂಪದಲ್ಲಿದೆ, ಕೆಡದೆ ಉಳಿದು ಕೆಲಸ ಮಾಡಬೇಕಾದ ಜಾಗ ಮುಟ್ಟುತ್ತದೆಯೇ ಎಂಬುದು ಉಳಿದರ್ಧ. ಬೆಲೆ ನಿಂತಿರುವುದು ಮೊದಲರ್ಧದ ಮೇಲೆ, ಫಲ ನಿಂತಿರುವುದು ಎರಡನೆಯದರ ಮೇಲೆ.

ಚರ್ಮದ ಕಡೆಯಿಂದ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ನಾವು ಕ್ರೀಮು ಹಚ್ಚುವುದು ಸತ್ತ ಜೀವಕೋಶಗಳ ಮೇಲೆ. ಹದಿನೈದಿಪ್ಪತ್ತು ಪದರ ಒಂದರ ಮೇಲೊಂದು ಕೂತ ಈ ಹೊರಚರ್ಮದ ದಪ್ಪ, ಅಂಗೈ ಅಂಗಾಲು ಬಿಟ್ಟರೆ, ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ ಮಾತ್ರ. ಚರ್ಮವಿಜ್ಞಾನಿಗಳು ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ: ಸತ್ತ ಕೋಶಗಳೇ ಇಟ್ಟಿಗೆ, ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಸೇರಿದ ಗಾರೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನದು ನುಗ್ಗದಂತೆ ತಡೆಯುವುದೇ ಅದರ ಕೆಲಸ. 2000ನೇ ಇಸವಿಯಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಸಂಶೋಧಕರು ಒಂದು ಸರಳ ಲೆಕ್ಕ ಮುಂದಿಟ್ಟರು. ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಅದು ಒಡೆಯದ ಚರ್ಮವನ್ನು ಹಾಯ್ದು ಹೋಗುವುದು ಕಷ್ಟ. ಅಪವಾದಗಳಿವೆ, ಆದರೆ ಅಂದಾಜಿಗೆ ಒಳ್ಳೆಯ ಲೆಕ್ಕ. ಕೊಲಾಜೆನ್‌ನ ಅಣು ಸುಮಾರು 3 ಲಕ್ಷ ಡಾಲ್ಟನ್ ತೂಗುತ್ತದೆ. ಕೊಲಾಜೆನ್ ಕ್ರೀಮು ಹಚ್ಚಿದರೆ ಚರ್ಮದೊಳಗಿನ ಕೊಲಾಜೆನ್ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಈ ಒಂದು ಅಂಕಿ ಸಾಕು.

ಕರ್ಕ್ಯುಮಿನ್‌ನ ತೂಕ 368. ತೂಕದ ಪರೀಕ್ಷೆಯಲ್ಲಿ ಪಾಸು. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ತಕ್ಕಮಟ್ಟಿಗೆ ಕರಗುತ್ತದೆ. ದೀಪಾವಳಿಯ ಅಭ್ಯಂಜನಕ್ಕೂ ಮದುವೆಯ ಅರಿಶಿನ ಶಾಸ್ತ್ರಕ್ಕೂ ಅರಿಶಿನವನ್ನು ಎಣ್ಣೆಗೆ ಕಲಸಿ ಹಚ್ಚುವ ಮನೆಗಳು ತಿಳಿದೋ ತಿಳಿಯದೆಯೋ ಸರಿಯಾದ ಜೋಡಿಯನ್ನೇ ಆರಿಸಿವೆ. ಹಾಗೆ ಹಚ್ಚಿದ್ದೂ ಹೆಚ್ಚಾಗಿ ಹೊರಚರ್ಮದಲ್ಲೇ ಉಳಿಯುತ್ತದೆ. ಮದುಮಗಳ ಕೆನ್ನೆಯ ಹಳದಿ ನಾಲ್ಕಾರು ದಿನದಲ್ಲಿ ಇಳಿಯುವುದು ಅದಕ್ಕೇ: ಒಂದಷ್ಟು ಬೆಳಕಿಗೆ ಅಳಿಯುತ್ತದೆ, ಒಂದಷ್ಟು ಉದುರುವ ಕೋಶಗಳ ಜೊತೆ ಉದುರಿಹೋಗುತ್ತದೆ. ಉರಿಯೂತವನ್ನು ತಗ್ಗಿಸುವ ಶಕ್ತಿ ಕರ್ಕ್ಯುಮಿನ್‌ಗೆ ಇದೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಬೇಕಾದಷ್ಟು ಆಧಾರವಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಮಾತ್ರ ಆ ಗೋಡೆ ಇರುವುದಿಲ್ಲ, ಅಷ್ಟೇ.

ಅರಿಶಿನದ ಹೆಸರೆತ್ತಿದರೆ ಪೇಟೆಂಟಿನ ಕತೆ ಬರಲೇಬೇಕು. ಗಾಯ ಮಾಯಲು ಅರಿಶಿನ ಬಳಸುವುದಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಪೇಟೆಂಟು ಸಿಕ್ಕಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, ಆಗ ಮಾಶೇಲ್ಕರ್ ಅವರ ನೇತೃತ್ವದಲ್ಲಿ, ಮರುವರ್ಷ ಅದನ್ನು ಪ್ರಶ್ನಿಸಿತು. ಹಳೆಯ ಗ್ರಂಥಗಳನ್ನೂ ಹಿಂದೆ ಪ್ರಕಟವಾಗಿದ್ದ ಲೇಖನಗಳನ್ನೂ ಎದುರಿಗಿಟ್ಟಿತು. 1997ರಲ್ಲಿ ಪೇಟೆಂಟು ರದ್ದಾಯಿತು. ಹೆಮ್ಮೆ ಪಡಬೇಕಾದ್ದೇ. ಆದರೆ ಅಲ್ಲಿ ತೀರ್ಮಾನವಾದದ್ದು ಇದು ಹೊಸದಲ್ಲ, ಭಾರತದಲ್ಲಿ ಮೊದಲಿಂದ ಗೊತ್ತಿತ್ತು ಎಂಬುದಷ್ಟೇ. ಅರಿಶಿನ ಎಷ್ಟು ಹಚ್ಚಿದರೆ ಎಷ್ಟು ಫಲ ಎಂಬ ವಿಚಾರಣೆ ಅಲ್ಲಿ ನಡೆಯಲಿಲ್ಲ. ಆ ಗೆಲುವನ್ನು ಮುಖದ ಕ್ರೀಮಿನ ಜಾಹೀರಾತಿಗೆ ಪುರಾವೆಯಾಗಿ ತರುವವರು ಈ ವ್ಯತ್ಯಾಸವನ್ನು ಮೆಲ್ಲಗೆ ನುಂಗಿಬಿಡುತ್ತಾರೆ.

ಗ್ರಂಧಿಗೆ ಅಂಗಡಿಗೆ ಹೋದರೆ ಕೇಳುವ ಮೊದಲ ಮಾತೇ, “ಅಡುಗೇದಾ ಅಮ್ಮ, ಮುಖಕ್ಕಾ?” ಮುಖಕ್ಕೆ ಎಂದರೆ ಕಸ್ತೂರಿ ಅರಿಶಿನದ ಪುಡಿ ಕಟ್ಟಿಕೊಡುತ್ತಾರೆ. ಅದು ಬೇರೆಯೇ ಜಾತಿಯ ಗೆಡ್ಡೆ. ಬಣ್ಣ ಕಡಿಮೆ, ಪರಿಮಳ ಹೆಚ್ಚು, ಮುಖಕ್ಕೆ ಕಲೆ ಹತ್ತುವುದಿಲ್ಲ. ಕಲೆ ಹತ್ತದಿರಲು ಕಾರಣ ಅದರಲ್ಲಿ ಕರ್ಕ್ಯುಮಿನ್ ತೀರ ಕಡಿಮೆ ಇರುವುದು. ಅಡುಗೆ ಅರಿಶಿನದಲ್ಲಿ ಅದರ ಬಳಗದ ವಸ್ತುಗಳು ತೂಕದ ಶೇ. 2ರಿಂದ 5ರವರೆಗೆ ಇರುತ್ತವೆ. ಕರ್ಕ್ಯುಮಿನ್‌ನ ಗುಣಗಾನ ಓದಿ ಕಸ್ತೂರಿ ಅರಿಶಿನ ಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು. ಎರಡರಲ್ಲಿ ಯಾವುದಾದರೂ ಪುಡಿಗಿಂತ ಕೊಂಬು ತಂದು ತೇಯ್ದುಕೊಳ್ಳುವುದೇ ಲೇಸು. ಪುಡಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳು ಸಾಕಷ್ಟು ಸಿಕ್ಕಿಬಿದ್ದಿವೆ.

ಗಿಡದ ಗುಣ ಒಂದು ಅಣುವಿನ ರೂಪದಲ್ಲಿ ಸರಿಯಾಗಿ ಹೊರಬಂದರೆ ಏನಾಗಬಹುದು ಎಂಬುದಕ್ಕೆ ಬಾವಂಚಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಂಸ್ಕೃತದಲ್ಲಿ ಬಾಕುಚಿ. ಬಯಲುಸೀಮೆಯ ಪಾಳುಹೊಲಗಳಲ್ಲೂ ಬೆಳೆಯುವ ಗಿಡ, ಕಪ್ಪು ಬೀಜ, ಗಾಢ ವಾಸನೆ. ಆಯುರ್ವೇದದಲ್ಲಿ ಇದು ತೊನ್ನಿನ ಮದ್ದು: ಬೀಜದ ಲೇಪ ಹಚ್ಚಿ ಬಿಸಿಲಿಗೆ ಒಡ್ಡುವುದು. ಬೀಜದಲ್ಲಿರುವ ಸೊರಾಲೆನ್ ಎಂಬ ವಸ್ತು ಚರ್ಮವನ್ನು ಬಿಸಿಲಿಗೆ ಅತಿ ಸೂಕ್ಷ್ಮವಾಗಿಸುತ್ತದೆ ಎಂಬುದು ಅದರ ಹಿಂದಿನ ಗುಟ್ಟು. ಇಂದಿಗೂ ಚರ್ಮರೋಗದ ಆಸ್ಪತ್ರೆಗಳಲ್ಲಿ ಸೊರಾಲೆನ್ ಕೊಟ್ಟು ಅಳತೆ ಮಾಡಿದ ನೇರಳಾತೀತ ಬೆಳಕು ಬಿಡುವ ಚಿಕಿತ್ಸೆ ಇದೆ. ಅಳತೆ ತಪ್ಪಿದರೆ ಮೈ ಬೆಂದು ಗುಳ್ಳೆ ಏಳುತ್ತದೆ.

ಇದೇ ಬೀಜದಿಂದ 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು ಇನ್ನೊಂದು ವಸ್ತುವನ್ನು ಬೇರ್ಪಡಿಸಿ ಬಾಕುಚಿಯಾಲ್ ಎಂದು ಹೆಸರಿಟ್ಟರು. ಅದು ಬಿಸಿಲಿಗೆ ಕೆರಳಿಸುವ ಜಾತಿಯದಲ್ಲ. ನಾಲ್ಕು ದಶಕ ಹೆಚ್ಚು ಸದ್ದಿಲ್ಲದೆ ಇದ್ದದ್ದು, 2007ರ ನಂತರ ಸೌಂದರ್ಯವರ್ಧಕಗಳಲ್ಲಿ ಕಾಣಿಸಿಕೊಂಡಿತು. ರೆಟಿನಾಲ್, ಅಂದರೆ ವಿಟಮಿನ್ ಎ, ಸುಕ್ಕು ಮತ್ತು ಕಪ್ಪು ಕಲೆಗಳಿಗೆ ಕೆಲಸ ಮಾಡುತ್ತದೆ ಎಂಬುದು ಗಟ್ಟಿಯಾಗಿ ಸಾಬೀತಾದ ಸಂಗತಿ. ಆದರೆ ಹಚ್ಚಿದವರಲ್ಲಿ ಹಲವರಿಗೆ ಚರ್ಮ ಸಿಪ್ಪೆ ಏಳುತ್ತದೆ, ಉರಿಯುತ್ತದೆ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದ ಪರೀಕ್ಷೆಯೊಂದರಲ್ಲಿ 44 ಜನ 12 ವಾರ ಮುಖಕ್ಕೆ ಹಚ್ಚಿಕೊಂಡರು: ಕೆಲವರು ಶೇ. 0.5ರ ಬಾಕುಚಿಯಾಲ್ ದಿನಕ್ಕೆರಡು ಸಲ, ಕೆಲವರು ಅಷ್ಟೇ ಪ್ರಮಾಣದ ರೆಟಿನಾಲ್ ದಿನಕ್ಕೊಮ್ಮೆ. ಸುಕ್ಕು, ಕಲೆ ಎರಡೂ ಗುಂಪಿನಲ್ಲಿ ತಗ್ಗಿದವು, ಹೆಚ್ಚುಕಡಿಮೆ ಸರಿಸಮ. ಸಿಪ್ಪೆ, ಉರಿ ರೆಟಿನಾಲ್ ಗುಂಪಿನಲ್ಲಿ ಹೆಚ್ಚಿತ್ತು.

44 ಜನ ಅಂದರೆ ಚಿಕ್ಕ ಪರೀಕ್ಷೆ, ಒಪ್ಪುತ್ತೇನೆ. ಆದರೂ ಗಿಡಮೂಲದ ಪದಾರ್ಥವೊಂದನ್ನು ಸಾಬೀತಾದ ಮದ್ದಿನ ಎದುರು ನೇರವಾಗಿ ನಿಲ್ಲಿಸಿ ನೋಡಿದ್ದು ಅಪರೂಪ. ಈ ಸುದ್ದಿ ಹರಡಿದ ಮೇಲೆ ಬಾಕುಚಿ ಬೀಜವನ್ನು ಅರೆದು ಮುಖಕ್ಕೆ ಹಚ್ಚಿಕೊಳ್ಳಿ, ಬಾಕುಚಿ ಎಣ್ಣೆ ತಂದು ಹಚ್ಚಿ ಎನ್ನುವ ವಿಡಿಯೋಗಳು ಬಂದವು. ಇದು ಅಪಾಯ. ಶುದ್ಧೀಕರಿಸಿದ ಬಾಕುಚಿಯಾಲ್ ಬೇರೆ, ಸೊರಾಲೆನ್ ತುಂಬಿದ ಹಸಿ ಬೀಜ ಬೇರೆ. ಬೀಜ ಹಚ್ಚಿಕೊಂಡು ಮಧ್ಯಾಹ್ನದ ಬಿಸಿಲಿಗೆ ಹೋದವರಿಗೆ ಆಗುವುದು ಸುಟ್ಟ ಗಾಯ. ಇಲ್ಲಿ ಗಿಡಕ್ಕಿಂತ ಕಾರ್ಖಾನೆಯಲ್ಲಿ ಹಾಯ್ದು ಬಂದದ್ದೇ ಸೌಮ್ಯ.

ಒಂದೆಲಗದ ಕತೆ ಇನ್ನೊಂದು ಬಗೆಯದು. ಕರಾವಳಿಯವರಿಗೆ ತಿಮರೆ, ಮಲೆನಾಡಿನವರಿಗೆ ತಂಬುಳಿಯ ಸೊಪ್ಪು, ಬೆಂಗಳೂರಿನವರಿಗೆ ಬ್ರಾಹ್ಮಿ. ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ತಂಪಿನಲ್ಲಿ ಹಬ್ಬುವ ಈ ಬಳ್ಳಿ ಇಂದು ಕೊರಿಯಾದ ಕ್ರೀಮುಗಳಲ್ಲಿ ‘ಸಿಕಾ’ ಎಂಬ ಹೆಸರಿನಲ್ಲಿ ಬಂದು ನಮ್ಮ ಮಕ್ಕಳ ಮೇಜಿನ ಮೇಲೆ ಕೂತಿದೆ. ಇದರ ಮುಖ್ಯ ಸಾರ ಏಷಿಯಾಟಿಕೊಸೈಡ್ ಅನ್ನು ಮಡಗಾಸ್ಕರಿನ ಗಿಡದಿಂದ 1941ರಲ್ಲೇ ಬೇರ್ಪಡಿಸಿದ್ದರು. ಮುಂದೆ ಫ್ರಾನ್ಸಿನಲ್ಲಿ ಅದರ ಮುಲಾಮು ಗಾಯಕ್ಕೆ, ಗಾಯದ ಗುರುತಿಗೆ ಬಳಕೆಗೆ ಬಂತು. ಅಲ್ಲಿಂದ ಕೊರಿಯಾಕ್ಕೆ ಹೋಗಿ, ಅಲ್ಲಿ ಮನೆಮನೆಯ ಮುಲಾಮಾಯಿತು. ಚರ್ಮದ ಒಳಪದರದ ಕೋಶಗಳು ಕೊಲಾಜೆನ್ ನೇಯುವುದಕ್ಕೆ ಈ ಸಾರ ಚಾಲನೆ ಕೊಡುತ್ತದೆ.

ಅಣುವಿನ ತೂಕ ನೋಡಿದರೆ ಸುಮಾರು 959. ಆ 500ರ ಲೆಕ್ಕದ ಹತ್ತಿರ ಹತ್ತಿರ ಎರಡರಷ್ಟು. ಹಾಗಿದ್ದೂ ಗಾಯಕ್ಕೆ ಹಚ್ಚಿದಾಗ ಫಲ ಕಂಡದ್ದಕ್ಕೆ ಅರ್ಥವಿದೆ: ಗಾಯವಾದ ಕಡೆ ಗೋಡೆಯೇ ಕುಸಿದಿರುತ್ತದೆ, ದೊಡ್ಡ ಅಣುವಿಗೂ ದಾರಿ ತೆರೆದಿರುತ್ತದೆ. ಅದೇ ಸಾರವನ್ನು ಗಾಯವಿಲ್ಲದ, ಇಪ್ಪತ್ತರ ಹರೆಯದ ಕೆನ್ನೆಗೆ ಹಚ್ಚಿದಾಗಲೂ ಅಷ್ಟೇ ಕೆಲಸವಾಗುತ್ತದೆ ಎಂದು ನಂಬುವುದಕ್ಕೆ ನನಗೆ ಮನಸ್ಸು ಬಾರದು. ಕೆಂಪೆದ್ದ, ಕೆರಳಿದ, ಮೊಡವೆ ಕೆರೆದು ಹುಣ್ಣಾದ ಚರ್ಮಕ್ಕಾದರೆ ಹಚ್ಚಿ ನೋಡಬಹುದು. ಹಿತ್ತಲ ಒಂದೆಲಗವನ್ನೇ ಅರೆದು ಹಚ್ಚಿದರೆ? ತಂಪೇನೋ ಸಿಗುತ್ತದೆ. ಆದರೆ ಸಾರದ ಪ್ರಮಾಣ ಬೆಳೆದ ಜಾಗಕ್ಕೂ ಕಾಲಕ್ಕೂ ತಕ್ಕಂತೆ ಏರಿಳಿಯುತ್ತದೆ, ಮಣ್ಣಿಗಂಟಿ ಬೆಳೆದ ಎಲೆಯನ್ನು ತೆರೆದ ಗಾಯದ ಮೇಲೆ ಇಡುವುದೂ ಜಾಣತನವಲ್ಲ. ಅದನ್ನು ತಂಬುಳಿ ಮಾಡಿಕೊಂಡು ಉಣ್ಣಿ.

ಇಷ್ಟು ಹೊತ್ತು ಗೋಡೆ ದಾಟುವ ಮಾತಾಯಿತು. ಗೋಡೆ ದಾಟಬೇಕಾದ ಅಗತ್ಯವೇ ಇಲ್ಲದ, ಗೋಡೆಯನ್ನೇ ಸರಿಪಡಿಸುವ ಪದಾರ್ಥಗಳಿವೆ. ನಮ್ಮ ಹಿರಿಯರ ನಿಜವಾದ ಜಾಣ್ಮೆ ಇರುವುದು ಅಲ್ಲಿ ಎಂದು ನನ್ನ ಅಭಿಪ್ರಾಯ. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಲ್ಲಿ ಮುರುಗಲ ತುಪ್ಪ ಕೇಳಿ ನೋಡಿ. ಬೇಸಿಗೆ ಕೊನೆಯಲ್ಲಿ ಮುರುಗಲು ಹಣ್ಣಾಗುತ್ತದೆ. ದಕ್ಷಿಣ ಕನ್ನಡದವರಿಗೆ ಇದೇ ಪುನರ್ಪುಳಿ. ಹಣ್ಣಿನ ರಸ ಶರಬತ್ತಿಗೆ, ಸಿಪ್ಪೆ ಒಣಗಿಸಿ ಸಾರಿಗೆ, ಉಳಿದ ಬೀಜ ತುಪ್ಪಕ್ಕೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ ಪುಡಿ ಮಾಡಿ, ನೀರಿಗೆ ಹಾಕಿ ಕುದಿಸುತ್ತಾರೆ. ಕೊಬ್ಬು ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ಸೋಸಿ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಬಿಸಿ ಪೂರ್ತಿ ಆರುವ ಮುಂಚೆ ಕೈಯಲ್ಲಿ ಒತ್ತಿ ಉಂಡೆ ಕಟ್ಟಿಡುತ್ತಾರೆ. ಬೀಜದ ತೂಕದ ಸುಮಾರು ಕಾಲುಭಾಗ ಕೊಬ್ಬು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ, ಉಳಿದದ್ದು ಬಹುಪಾಲು ಒಲಿಯಿಕ್ ಆಮ್ಲ. ಕರಗುವ ಬಿಸಿ 38ರಿಂದ 40 ಡಿಗ್ರಿ. ಹಾಗಾಗಿ ಬೇಸಿಗೆಯಲ್ಲೂ ಉಂಡೆ ಉಂಡೆಯಾಗಿಯೇ ಇರುತ್ತದೆ, ಹಚ್ಚಬೇಕಾದರೆ ಚೂರು ಕೆತ್ತಿ ಸೌಟಿನಲ್ಲಿ ಬೆಚ್ಚಗೆ ಮಾಡಬೇಕು.

ಒಡೆದ ಹಿಮ್ಮಡಿಗೆ, ಚಳಿಗಾಲದ ತುಟಿಗೆ ಇದು ಮಾಡುವ ಕೆಲಸದಲ್ಲಿ ಮಾಯಮಂತ್ರ ಏನೂ ಇಲ್ಲ. ಬಿರುಕಿನ ಮೇಲೆ ಗಟ್ಟಿ ಜಿಡ್ಡಿನ ಪದರ ಕೂರುತ್ತದೆ, ಒಳಗಿನ ನೀರು ಆರುವುದು ನಿಲ್ಲುತ್ತದೆ, ಚರ್ಮ ತನ್ನ ಗಾರೆಯನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ರಾತ್ರಿ ಕಾಲು ನೆನೆಸಿ, ಒರೆಸಿ, ತೇವ ಇರುವಾಗಲೇ ಹಚ್ಚಿ ಮೇಲೊಂದು ಹಳೆಯ ಕಾಲುಚೀಲ ಹಾಕಿಕೊಂಡರೆ ಆಯಿತು. ಇಲ್ಲಿ ಪ್ರಮಾಣದ ತಗಾದೆ ಇಲ್ಲ, ಏಕೆಂದರೆ ಹಚ್ಚುವುದು ನೂರಕ್ಕೆ ನೂರು ಅದನ್ನೇ. ಅದೇ ಮುರುಗಲ ತುಪ್ಪ ಅರ್ಧ ಚಮಚ ಸೇರಿದ ಬಾಡಿ ಬಟರ್ ಪೇಟೆಯಲ್ಲಿ ನೂರಾರು ರೂಪಾಯಿಗೆ ಹೋಗುತ್ತದೆ.

ಎಣ್ಣೆಗಳ ವಿಷಯಕ್ಕೆ ಬಂದರೆ, ಎಲ್ಲ ಎಣ್ಣೆಯೂ ಒಂದೇ ಅಲ್ಲ. ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದ ಪರೀಕ್ಷೆಯ ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಣ್ಣೆ ಹಚ್ಚದ ಶಿಶುಗಳಿಗೆ ಹೋಲಿಸಿದರೆ, ಹಚ್ಚಿದವುಗಳಿಗೆ ಆಸ್ಪತ್ರೆಯಲ್ಲಿ ಸೋಂಕು ತಗಲುವ ಸಂಭವ ಶೇ. 41ರಷ್ಟು ಕಡಿಮೆಯಾಗಿತ್ತು. ಚರ್ಮದ ಗೋಡೆ ಗಟ್ಟಿಯಾದರೆ ರಕ್ತಕ್ಕೆ ರೋಗಾಣು ನುಗ್ಗುವುದೂ ಕಡಿಮೆ. ಸೂರ್ಯಕಾಂತಿಯ ವಿಶೇಷ ಅದರ ಲಿನೋಲಿಯಿಕ್ ಆಮ್ಲ. ಆ ಆಮ್ಲ ಚರ್ಮದ ಸೆರಮೈಡ್ ಕಟ್ಟುವುದಕ್ಕೆ ಬೇಕಾದ ಕಚ್ಚಾವಸ್ತು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕುಸುಬಿ ಎಣ್ಣೆಯಲ್ಲಿ ಅದು ಇನ್ನೂ ಹೆಚ್ಚು, ಮುಕ್ಕಾಲು ಭಾಗದವರೆಗೂ ಇರುತ್ತದೆ. ಜೋಳದ ರೊಟ್ಟಿಯ ಊರಿನವರು ಅದನ್ನು ಒಗ್ಗರಣೆಗೆ ಮಾತ್ರ ಮೀಸಲಿಡಬೇಕಿಲ್ಲ. ಒಲಿಯಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆ ಇದಕ್ಕೆ ತಿರುವುಮುರುವು. ಅದು ದೊಡ್ಡವರ ಚರ್ಮದ ತಡೆಯನ್ನೇ ಸಡಿಲಿಸುತ್ತದೆ ಎಂದು ಕಂಡುಬಂದಿದೆ. ದುಬಾರಿ ಆಮದು ಎಣ್ಣೆ ತಂದು ಹಸುಗೂಸಿಗೆ ತಿಕ್ಕುವವರು ಗಮನಿಸಬೇಕು.

ತೆಂಗಿನೆಣ್ಣೆ ಹೇಗೆ? ಒಣಚರ್ಮದ 34 ಜನರ ಮೇಲೆ ಎರಡು ವಾರ ನಡೆದು 2004ರಲ್ಲಿ ಪ್ರಕಟವಾದ ಫಿಲಿಪೀನ್ಸಿನ ಪರೀಕ್ಷೆಯಲ್ಲಿ ಅದು ಖನಿಜ ತೈಲದಷ್ಟೇ ಫಲ ಕೊಟ್ಟಿತು. ಈ ಒಂದು ಫಲಿತಾಂಶವನ್ನು ತೆಂಗಿನವರೂ ಎತ್ತಿ ಹಿಡಿಯಬಹುದು, ಪೆಟ್ರೋಲಿಯಂನವರೂ ಎತ್ತಿ ಹಿಡಿಯಬಹುದು. ಮೈಗೆ ಧಾರಾಳವಾಗಿ ಹಚ್ಚಿ. ಮೊಡವೆ ಏಳುವ ಮುಖಕ್ಕೆ ಬೇಡ, ರಂಧ್ರ ಕಟ್ಟುತ್ತದೆ. ಇನ್ನು ಯಾರೂ ಲೇಬಲ್ಲಿನ ಮೇಲೆ ಚಿತ್ರ ಬರೆಯಿಸದ ಗ್ಲಿಸರಿನ್. ತೆಂಗಿನೆಣ್ಣೆಯಿಂದ ಸೋಪು ಮಾಡುವಾಗ ಉಪ ಉತ್ಪನ್ನವಾಗಿ ಸಿಗುವ ಬಡಪಾಯಿ. ನೀರನ್ನು ಹೊರಚರ್ಮದಲ್ಲಿ ಹಿಡಿದಿಡುವ ವಿಷಯದಲ್ಲಿ ಎಲೆ ಬೇರುಗಳ ಎಷ್ಟೋ ಸಾರಗಳಿಗಿಂತ ಅದರ ಕೆಲಸ ಖಾತ್ರಿ. ಎಷ್ಟೋ ಕ್ರೀಮುಗಳಲ್ಲಿ ಕೆಲಸ ಅದರದ್ದು, ಹೆಸರು ಕೇಸರಿಯದ್ದು.

ಶ್ರೀಗಂಧವನ್ನು ಬಿಟ್ಟು ಮುಂದೆ ಹೋದರೆ ಮೈಸೂರಿನವರು ಬಿಡುವುದಿಲ್ಲ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರ ಹೋಗುವುದು ನಿಂತು ದಾಸ್ತಾನು ಬಿದ್ದಾಗ, ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. 1918ರ ಹೊತ್ತಿಗೆ ಸೋಪೂ ಬಂತು. ಎಣ್ಣೆಯ ಜೀವಾಳ ಸ್ಯಾಂಟಲಾಲ್ ಎಂಬ ವಸ್ತು, ಪರಿಮಳ ಅದರದ್ದೇ. ಗಂಧದ ಸೋಪು ಕೊಳ್ಳುವವರು ಪರಿಮಳಕ್ಕಾಗಿ ಕೊಳ್ಳುತ್ತಾರೆ, ಪರಿಮಳ ಸಿಗುತ್ತದೆ, ಅದರಲ್ಲಿ ಮೋಸವಿಲ್ಲ. ತೇಯ್ದ ಗಂಧ ಹಣೆಗೆ ತಂಪೆನಿಸುವುದರಲ್ಲಿ ಬಹುಪಾಲು ಅದರಲ್ಲಿನ ನೀರು ಆರುವುದರ ಪ್ರಭಾವ. ಫೇಸ್‌ಪ್ಯಾಕಿನ ಕೆಂಪು ಪುಡಿ, ರಕ್ತಚಂದನ, ಬೇರೆ ಮರ. ಅದಕ್ಕೆ ಗಂಧದ ಪರಿಮಳವೂ ಇಲ್ಲ.

ನಿಂಬೆಹಣ್ಣಿನ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳಬೇಕು. ಮುಖಕ್ಕೆ ಉಜ್ಜಬೇಡಿ. ವಿಟಮಿನ್ ಸಿ ಇದೆಯಲ್ಲ ಎನ್ನುತ್ತಾರೆ. 100 ಗ್ರಾಂ ನಿಂಬೆರಸದಲ್ಲಿ ಇರುವುದು ಸುಮಾರು 40ರಿಂದ 50 ಮಿಲಿಗ್ರಾಂ, ಅಂದರೆ ಹೆಚ್ಚೆಂದರೆ ಶೇ. 0.05. ಚರ್ಮಕ್ಕೆ ಫಲ ಕೊಟ್ಟ ವಿಟಮಿನ್ ಸಿ ಸೀರಮ್ಮುಗಳಲ್ಲಿ ಇರುವುದು ಶೇ. 10ರಿಂದ 20. ಇನ್ನೂರು ಪಟ್ಟಿಗೂ ಹೆಚ್ಚಿನ ಅಂತರ. ಬದಲಿಗೆ ನಿಂಬೆ ಧಾರಾಳವಾಗಿ ಕೊಡುವುದು ಶೇ. 5ರ ಆಸುಪಾಸಿನ ಸಿಟ್ರಿಕ್ ಆಮ್ಲ, 2ರ ಹತ್ತಿರದ ಪಿಎಚ್. ಚರ್ಮದ್ದು 5ರ ಆಚೀಚೆ. ಸಾಲದ್ದಕ್ಕೆ ನಿಂಬೆಯ ಸಿಪ್ಪೆಯಲ್ಲಿ ಬಾವಂಚಿಯ ಸೊರಾಲೆನ್‌ನ ದಾಯಾದಿಗಳಿವೆ. ಬಿಸಿಲಲ್ಲಿ ಕೂತು ಶರಬತ್ತಿಗೆ ನಿಂಬೆ ಹಿಂಡಿದವರ ಕೈಮೇಲೆ ಎರಡು ದಿನದಲ್ಲಿ ಗುಳ್ಳೆ ಎದ್ದು, ಆಮೇಲೆ ವಾರಗಟ್ಟಲೆ ಕಪ್ಪು ಗುರುತು ಉಳಿಯುವುದು ಚರ್ಮವೈದ್ಯರಿಗೆ ಹಳೆಯ ಪರಿಚಯ. ಬಂಗು ಹೋಗಲೆಂದು ನಿಂಬೆ ಉಜ್ಜಿ ಬಂಗು ಹೆಚ್ಚಿಸಿಕೊಂಡು ಬರುವವರೂ ಇದ್ದಾರೆ.

ಪ್ರಕೃತಿಯದ್ದೆಲ್ಲ ಸೌಮ್ಯ ಎಂಬ ಮಾತನ್ನು ಗೇರು ತೋಟದವರ ಮುಂದೆ ಹೇಳಿ ನೋಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದ ಬೆರಳು ಸುಲಿದುಬರುತ್ತದೆ. ಕಾಡುಗೇರಿನ ರಸ ಬಟ್ಟೆಗೆ ಮಾಸದ ಗುರುತು ಹಾಕಲು ಅಗಸರು ಬಳಸುತ್ತಿದ್ದದ್ದು. ಮೈಗೆ ತಾಗಿದರೆ ಹುಣ್ಣು. ಮಾವಿನಕಾಯಿಯ ಸೊನೆ ತುಟಿಯಂಚನ್ನು ಸುಟ್ಟ ಬಾಲ್ಯ ಬಹಳ ಜನರಿಗಿದೆ. ಇವು ಮೂರೂ ಒಂದೇ ಕುಟುಂಬದ ಮರಗಳು, ಮೂರೂ ನೂರಕ್ಕೆ ನೂರು ನೈಸರ್ಗಿಕ.

ಇದಕ್ಕೆ ಎದುರಾಗಿ, ಚಿಬ್ಬಿನಿಂದ ಸಿಕ್ಕ ಮದ್ದೊಂದಿದೆ. ಬೆನ್ನು, ಕುತ್ತಿಗೆಯ ಮೇಲೆ ತಿಳಿಬಣ್ಣದ ಮಚ್ಚೆಗಳಾಗಿ ಬರುವ ಚಿಬ್ಬು ಒಂದು ಬಗೆಯ ಶಿಲೀಂಧ್ರದ ಕೆಲಸ. ಅಲ್ಲಿ ಚರ್ಮದ ಬಣ್ಣ ಏಕೆ ತಗ್ಗುತ್ತದೆ ಎಂದು ಹುಡುಕಿದ ಇಟಲಿಯ ಸಂಶೋಧಕರಿಗೆ 1970ರ ದಶಕದಲ್ಲಿ ಅಜೆಲಾಯಿಕ್ ಆಮ್ಲದ ಜಾಡು ಸಿಕ್ಕಿತು. ಗೋಧಿ, ಬಾರ್ಲಿಯಲ್ಲೂ ಅದು ಇದೆ. ಇಂದು ಮೊಡವೆಗೂ ಬಂಗಿಗೂ ಶೇ. 10ರಿಂದ 20ರ ಮುಲಾಮಾಗಿ ವೈದ್ಯರು ಬರೆದುಕೊಡುವ ಅದು ತಯಾರಾಗುವುದು ಕಾರ್ಖಾನೆಯಲ್ಲಿ. ಗೋಧಿಯಿಂದ ಬಂದ ಅಣುವಿಗೂ ಕಾರ್ಖಾನೆಯ ಅಣುವಿಗೂ ಚರ್ಮ ಭೇದ ಮಾಡುವುದಿಲ್ಲ.

ಲೋಳೆಸರದ ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯಡಿಯಿಂದ ಹಳದಿ ರಸ ಒಸರುತ್ತದೆ. ಅದು ತುರಿಸುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಆ ರಸ ಪೂರ್ತಿ ಇಳಿದ ಮೇಲೆ ಒಳಗಿನ ಲೋಳೆ ಮಾತ್ರ ತೆಗೆಯಬೇಕು. ಲೋಳೆಯ ಶೇ. 99 ಬರಿ ನೀರು. ಉಳಿದ ಒಂದು ಪಾಲಿನಲ್ಲಿರುವ ಸಕ್ಕರೆಯ ಸರಪಳಿಗಳು ಚರ್ಮದ ಮೇಲೆ ತೇವದ ತೆಳು ಪೊರೆ ಕಟ್ಟುತ್ತವೆ. ಸುಲಿದದ್ದನ್ನು ಆ ದಿನವೇ ಬಳಸಿ. ಇಷ್ಟೊಂದು ನೀರಿರುವ ಲೋಳೆಯಲ್ಲಿ ಫ್ರಿಜ್ಜಿನೊಳಗೂ ಬ್ಯಾಕ್ಟೀರಿಯಾ ಬೆಳೆಯುತ್ತವೆ. ‘ಪ್ರಿಸರ್ವೇಟಿವ್ ಇಲ್ಲ’ ಎಂದು ಬೀಗುವ, ನೀರು ತುಂಬಿದ, ಬೆರಳು ಅದ್ದಿ ಅದ್ದಿ ತಿಂಗಳುಗಟ್ಟಲೆ ಬಳಸುವ ಮನೆ ತಯಾರಿಕೆಯ ಕ್ರೀಮುಗಳನ್ನು ಕಂಡರೆ ನನಗೆ ಭಯ.

ಅಂಗಡಿಯಲ್ಲಿ ಡಬ್ಬಿ ಕೈಗೆ ಬಂದರೆ ಮುಂಭಾಗದ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಕ್ರಮವಾಗಿ ಬರೆಯಬೇಕು, ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಜೋಡಿಸಬಹುದು. ಆ ಗೆರೆ ಎಲ್ಲಿದೆಯೆಂದು ತಿಳಿಯಲು ಒಂದು ಉಪಾಯವಿದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ. 1 ಮೀರಿ ಹಾಕುವಂತಿಲ್ಲ. ಪಟ್ಟಿ ಆಕ್ವಾ, ಗ್ಲಿಸರಿನ್ ಎಂದು ಶುರುವಾಗಿ, ಮಧ್ಯೆ ಫಿನಾಕ್ಸಿಎಥನಾಲ್ ಬಂದು, ಅದರ ನಂತರ ಪರ್ಫ್ಯೂಮ್, ಅದಕ್ಕೂ ನಂತರ ಕುರ್ಕುಮಾ ಲಾಂಗಾ ಎಂದಿದ್ದರೆ, ಮುಂಭಾಗದಲ್ಲಿ ಚಿತ್ರ ಬರೆಯಿಸಿಕೊಂಡ ಅರಿಶಿನ ಶೇ. 1ರೊಳಗೇ ಇದೆ. ಬಾಕುಚಿಯಾಲ್‌ಗೆ ಶೇ. 0.5 ಸಾಕು, ಆದ್ದರಿಂದ ಅದು ಕೊನೆಯಲ್ಲಿದ್ದರೆ ತಕರಾರಿಲ್ಲ. ಆದರೆ ಪ್ರಮಾಣವನ್ನು ಅಂಕಿಯಲ್ಲಿ ಬರೆದಿರುವ ಕಂಪನಿಯದ್ದನ್ನೇ ಕೊಳ್ಳಿ. ಎಲೆ ಬೇರುಗಳ ಕಚ್ಚಾ ಸಾರ ಕೊನೆಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಹೊಸದಾಗಿ ತಂದದ್ದು ಏನೇ ಇರಲಿ, ಅರಿಶಿನದ ಲೇಪವೇ ಇರಲಿ, ಮೊದಲು ಮೊಣಕೈ ಒಳಬದಿಯಲ್ಲಿ ನಾಣ್ಯದಷ್ಟಗಲ, ದಿನಕ್ಕೆರಡು ಸಲ, ವಾರದ ಮಟ್ಟಿಗೆ ಹಚ್ಚಿ ನೋಡಿ. ಒಗ್ಗದಿಕೆ ಮೊದಲ ದಿನವೇ ಕಾಣಬೇಕೆಂದಿಲ್ಲ. ಬಸುರಿಯರು ರೆಟಿನಾಲ್ ಬಿಡಬೇಕು. ಬದಲಿಗೆ ಬಾಕುಚಿಯಾಲ್ ಹಚ್ಚುವ ಮುನ್ನ ವೈದ್ಯರನ್ನು ಕೇಳಬೇಕು. ಹಚ್ಚಿದ ಜಾಗ ಕೆಂಪಾಗಿ ತುರಿಸಿದರೆ ಇನ್ನೊಂದು ಗಿಡದ ರಸ ಹಚ್ಚಿ ಶಮನ ಮಾಡಲು ಹೋಗದೆ, ನೀರಿನಲ್ಲಿ ತೊಳೆದು ಬಿಟ್ಟುಬಿಡಿ. ಎರಡು ದಿನದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹೋಗುವಾಗ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಹಿಂದಿನ ಪಟ್ಟಿ ನೋಡಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.